ಕೈ ಮುಂದೆ, ನಾದ ಹಿಂದೆ

ಉತ್ತರ ಸ್ವೀಡನ್ನಿನ ಉಮೆಯೊದ ಒಪೆರಾ ಮನೆಯಲ್ಲಿ ಆ ಚಳಿಗಾಲವೆಲ್ಲ ನನ್ನ ಕೆಲಸ ಕತ್ತಲಲ್ಲಿ ಕೂರುವುದಾಗಿತ್ತು. ಸಹಾಯಕ ಕಂಡಕ್ಟರ್ ಎಂದರೆ ಹಾಗೆಯೇ. ಮುಖ್ಯ ಕಂಡಕ್ಟರ್ ವಾದ್ಯವೃಂದದ ಮುಂದೆ ನಿಂತು ಕೋಲು ಹಿಡಿದು ನಡೆಸುತ್ತಾರೆ. ಸಹಾಯಕಿ ಖಾಲಿ ಸಭಾಂಗಣದ ನಡುವಿನ ಸಾಲಿನಲ್ಲಿ, ಸ್ವರಲಿಪಿಯ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಕಹಳೆಗಳು ಹಾಡುವವರನ್ನು ಮುಚ್ಚಿಹಾಕಿದವು, ಎಲ್ಲಿ ಮಾತು ಕೇಳಿಸಲಿಲ್ಲ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾಳೆ. ಊರಿನ ನೆಂಟರಿಗೆ ಇದನ್ನು ವಿವರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕಂಡಕ್ಟರ್ ಅಂದರೆ ಟಿಕೆಟ್ ಹರಿಯುವುದಾ ಎಂದು ಒಬ್ಬ ಮಾವ ಕೇಳಿದ್ದರು. ಅದಾದರೂ ಕೈಗೊಂದು ಕೆಲಸ ಮಾವ, ನಾನು ಹರಿಯುವುದು ಬರಿ ಗಾಳಿ ಎಂದಿದ್ದೆ.

ಆ ಸಲದ ಒಪೆರಾ ಹೊಸದು, ಸ್ವೀಡಿಷ್ ಭಾಷೆಯದು. ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುವವನ ಹೆಂಡತಿಯ ಕಥೆ. ಮಂಜುಗಡ್ಡೆಯ ಮೇಲೆ ನಡೆದು ದಡಕ್ಕೆ ಹೋದ ಗಂಡ ಹಿಂತಿರುಗುವುದಿಲ್ಲ. ಕೊನೆಯ ದೃಶ್ಯದಲ್ಲಿ ಅವಳು ತಾನೇ ದೀಪ ಹಚ್ಚಿ, ಯಾವ ವಾದ್ಯದ ಆಸರೆಯೂ ಇಲ್ಲದೆ ಒಬ್ಬಳೇ ಹಾಡುತ್ತಾಳೆ. ಹಾಡಿನ ಕಡೆಯ ಮಾತು ‘ಕೊಮ್’, ಬಾ ಎಂದರ್ಥ. ಆ ಮಾತು ಅವಳ ಬಾಯಿಂದ ಹೊರಡುವ ಕ್ಷಣಕ್ಕೆ ಸರಿಯಾಗಿ ಪಿಟೀಲುಗಳೆಲ್ಲ ಮೆಲ್ಲಗೆ ಅವಳ ದನಿಯ ಕೆಳಗೆ ಬಂದು ಸೇರಬೇಕು. ಕೂದಲೆಳೆಯಷ್ಟು ತಡವಾದರೂ ಅವಳು ಎತ್ತರದ ಸ್ವರದಲ್ಲಿ ಒಬ್ಬಳೇ ಸಿಕ್ಕಿಬೀಳುತ್ತಾಳೆ, ಉಸಿರು ಮುಗಿಯುತ್ತದೆ, ದೃಶ್ಯ ಕೆಡುತ್ತದೆ.

ಪ್ರದರ್ಶನಗಳೆಲ್ಲ ಮುಖ್ಯ ಕಂಡಕ್ಟರರದು, ಕೊನೆಯದೊಂದು ಮಾತ್ರ ನನ್ನದು. ಅವರಿಗೆ ಆ ಗುರುವಾರ ಬೇರೆ ದೇಶದಲ್ಲಿ ಕೆಲಸವಿತ್ತು. ಚೆನ್ನಾಗಿ ನಡೆಸಿದರೆ ಮುಂದಿನ ಹಂಗಾಮಿನಿಂದ ನನ್ನನ್ನು ಕಾಯಂ ಎರಡನೇ ಕಂಡಕ್ಟರ್ ಮಾಡಿಕೊಳ್ಳುವ ಯೋಚನೆ ಒಪೆರಾ ಮನೆಯವರಿಗಿತ್ತು. ಇಲ್ಲವಾದರೆ ಬೇಸಿಗೆಗೆ ನನ್ನ ಒಪ್ಪಂದ ಮುಗಿಯುತ್ತಿತ್ತು. ನನಗೆ ಆ ಜಾಗ ಬೇಕಿತ್ತು. ಕತ್ತಲಲ್ಲಿ ಕೂತು ಇನ್ನೊಬ್ಬರ ಕೈಯನ್ನು ನೋಡಿ ನೋಡಿ ನನ್ನ ಕೈಗೆ ಹಸಿವಾಗಿತ್ತು.

ಮಗಳೂ ಬೇಕಿತ್ತು, ತೊಡಕು ಇದ್ದದ್ದು ಅಲ್ಲಿ. ಗಂಡನ ಕೆಲಸ ಟ್ರೋಲ್‌ಹೆಟ್ಟನ್‌ನ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ. ಮಗಳು ಅಲ್ಲಿಯೇ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಉಮೆಯೊದಿಂದ ಅಲ್ಲಿಗೆ ರೈಲಿನಲ್ಲಿ ಇಡೀ ಹಗಲು ಬೇಕು. ರಜೆ ಸಿಕ್ಕಾಗ ಹೋಗಿ ಎರಡು ರಾತ್ರಿ ಇದ್ದು ಬರುತ್ತಿದ್ದೆ. ಫೋನಿನ ವೀಡಿಯೊ ಕರೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟು, ನಾನು ಮುಂದಿನ ಪ್ರಶ್ನೆ ಹುಡುಕುವಷ್ಟರಲ್ಲಿ ಫೋನನ್ನು ಸೋಫಾದ ಮೇಲೆ ಎಸೆದು ಆಟಕ್ಕೆ ಹೋಗುತ್ತಿದ್ದಳು. ನನಗೆ ಸೂರು ಕಾಣಿಸುತ್ತಿತ್ತು. ಆ ಬಿಳಿ ಸೂರನ್ನು ನೋಡುತ್ತಾ ಅವಳ ಸದ್ದು ಕೇಳಿಸಿಕೊಂಡು ಕೂತಿರುತ್ತಿದ್ದೆ. ಕರೆ ಕಡಿದುಬಿಡಲು ಮನಸ್ಸು ಬರುತ್ತಿರಲಿಲ್ಲ.

ವಾದ್ಯವೃಂದದ ಜೊತೆ ನನಗೆ ಸಿಕ್ಕ ತಾಲೀಮು ಒಂದು ಬೆಳಗಿನ ಅರ್ಧ ಮಾತ್ರ. ಇಲ್ಲಿ ತಾಲೀಮಿನ ಹೊತ್ತು ಕಲ್ಲಿನ ಮೇಲೆ ಬರೆದ ಹಾಗೆ, ಗಡಿಯಾರದ ಮುಳ್ಳು ಅಲ್ಲಿಗೆ ಬಂತೆಂದರೆ ಸ್ವರದ ನಡುವೆಯೇ ಪಿಟೀಲು ಕೆಳಗಿಳಿಯುತ್ತದೆ. ನಾನು ಪುಟಪುಟವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೊದಲ ದೃಶ್ಯ ಸರಿಯಾಗಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಎಲ್ಲವೂ ಭಾರವಾಗತೊಡಗಿತು. ಓಡಬೇಕಾದ ಭಾಗ ನಡೆಯಿತು, ನಡೆಯಬೇಕಾದ ಭಾಗ ಕಾಲೆಳೆಯಿತು. ನಾನು ಕೈ ದೊಡ್ಡದು ಮಾಡಿದೆ, ಇನ್ನೂ ನಿಧಾನವಾಯಿತು. ವೇಗ ಹೆಚ್ಚಿಸಿ ಎಂದು ಬಾಯಲ್ಲಿ ಹೇಳಿದೆ, ಒಂದೆರಡು ಸಾಲು ಚುರುಕಾಗಿ ಮತ್ತೆ ಕುಸಿಯಿತು. ಹಾಡುವವರು ಒಂದು ಕಡೆಗೆ, ವಾದ್ಯದವರು ಇನ್ನೊಂದು ಕಡೆಗೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೊನೆಯ ದೃಶ್ಯದಲ್ಲಿ ‘ಕೊಮ್’ ಕೇಳಿಸಿದ ಮೇಲೆ ನಾನು ಪಿಟೀಲುಗಳಿಗೆ ಕೋಲಿನ ಪೆಟ್ಟಿನಿಂದ ಸನ್ನೆ ಕೊಟ್ಟೆ. ಪಿಟೀಲುಗಳು ಬರುವ ಹೊತ್ತಿಗೆ ಹೆಂಡತಿಯ ಪಾತ್ರದ ಹಾಡುಗಾತಿಯ ಉಸಿರು ಮುಗಿದಿತ್ತು. ಆಕೆ ಬಾಯಿ ಮುಚ್ಚಿ ನನ್ನನ್ನು ನೋಡಿ ನಕ್ಕಳು, ಒಳ್ಳೆಯ ನಗುವೇ.

ಆಮೇಲೆ ಫೀಕಾ. ಕಾಫಿ, ದಾಲ್ಚಿನ್ನಿ ಬನ್ನು. ಯಾರೂ ತಾಲೀಮಿನ ಸುದ್ದಿ ಎತ್ತಲಿಲ್ಲ. ಮೊದಲ ಪಿಟೀಲಿನ ಹಿರಿಯ ಹೆಂಗಸು, ಇಡೀ ವೃಂದದ ನಾಯಕಿ ಆಕೆಯೇ, ತನ್ನ ಬೇಸಿಗೆ ಮನೆಯ ಮಾಡಿನ ಮೇಲೆ ಹಿಮ ಎಷ್ಟು ಬಿದ್ದಿದೆ ಎಂದು ಹೇಳಿದಳು. ನಾನು ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡೆ. ನಾನು ಪಿಟೀಲು ಕಲಿತದ್ದು ಮೈಸೂರಿನಲ್ಲಿ ನಮ್ಮ ಸೋದರತ್ತೆಯ ಹತ್ತಿರ. ಅತ್ತೆ ಒಂದು ಅಪಸ್ವರಕ್ಕೆ ನಮ್ಮ ವಂಶವನ್ನೆಲ್ಲ ನೆನೆಸುತ್ತಿದ್ದಳು. ಬೈಗುಳ ಬೀಳದ ದಿನ ನಮಗೆ ಹಬ್ಬ. ಹಾಗಾಗಿ ಆ ಮಧ್ಯಾಹ್ನ ನಾನು ಬಾವುಟ ನೆಟ್ಟವಳ ಹಾಗೆ ಮನೆಗೆ ಹೋದೆ. ತಪ್ಪಿದ್ದರೆ ಅದು ದಣಿದ ವೃಂದದವರದು, ನನ್ನದಲ್ಲ ಎಂದುಕೊಂಡೆ.

ಮರುದಿನ ಒಪೆರಾ ಮನೆಯ ಮುಖ್ಯಸ್ಥೆ ಕರೆಸಿದಳು. ಚಹಾ ಕೊಟ್ಟಳು, ಮಗಳ ಆರೋಗ್ಯ ಕೇಳಿದಳು. ಆಮೇಲೆ ಸ್ಟಾಕ್‌ಹೋಮ್‌ನಲ್ಲಿ ಅನುಭವಸ್ಥ ಕಂಡಕ್ಟರ್ ಒಬ್ಬರು ಆ ಗುರುವಾರ ಬಿಡುವಾಗಿದ್ದಾರೆಂದು ತಿಳಿಸಿ, ಈ ಬಗ್ಗೆ ನಿನಗೇನನ್ನಿಸುತ್ತದೆ ಎಂದಳು. ನನಗೆ ಅರ್ಥವಾಗಲು ಒಂದು ಗುಟುಕು ಚಹಾ ಬೇಕಾಯಿತು. ಯಾರು ದೂರಿದರು ಎಂದು ಕೇಳಿದೆ. ಯಾರೂ ದೂರಿಲ್ಲ, ಮಾತುಕತೆ ಆಗಿದೆ ಅಷ್ಟೇ ಎಂದಳು. ನಾನೇ ನಡೆಸುತ್ತೇನೆ, ನನಗೆ ಸೋಮವಾರದವರೆಗೆ ಸಮಯ ಕೊಡಿ ಎಂದೆ. ಸರಿ ಎಂದಳು, ಕಣ್ಣಿನಲ್ಲಿ ಮಾತ್ರ ನಂಬಿಕೆ ಇರಲಿಲ್ಲ.

ಆ ಸಂಜೆ ನನಗೆ ಸಿಟ್ಟು ಬಂದದ್ದು ಇಡೀ ಸ್ವೀಡನ್ನಿನ ಮೇಲೆ. ಮುಖದ ಮೇಲೆ ಹೇಳಿದ್ದರೆ ಎಷ್ಟು ಸಲೀಸಾಗಿತ್ತು. ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಧಾರವಾಡದ ಗೆಳತಿ, ವಿಶ್ವವಿದ್ಯಾಲಯದಲ್ಲಿ ಕಾಡಿನ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬೆಂಗಳೂರಿನವರ ನಡುವೆ ಬೆಂಗಳೂರಿನವಳ ಹಾಗೇ ಮಾತಾಡುವ ಹುಡುಗಿ. ನಾನು ವಾದ್ಯವೃಂದದವರನ್ನು ಬೈಯುತ್ತಾ ಈರುಳ್ಳಿ ಹೆಚ್ಚುತ್ತಿದ್ದೆ. ಅವಳು ಅನ್ನಕ್ಕೆ ನೀರಿಡುತ್ತಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಛೇಡಿಸಿದಳು. ನಂಬದಿದ್ದರೆ ನೋಡು ಎಂದು ತಾಲೀಮಿನ ವೀಡಿಯೊ ಹಾಕಿದೆ. ವೇದಿಕೆಯ ಹಿಂದಿನವರಿಗೆ ಕಾಣಲೆಂದು ಕಂಡಕ್ಟರ್ ಮುಖಕ್ಕೆ ಎದುರಾಗಿ ಯಾವಾಗಲೂ ಒಂದು ಕ್ಯಾಮೆರಾ ಇರುತ್ತದೆ, ಅದರ ದಾಖಲೆ.

ಅವಳು ಸ್ವಲ್ಪ ಹೊತ್ತು ನೋಡಿದಳು. ಬಾಲ್ಯದಲ್ಲಿ ಎಲ್ಲರ ಹಾಗೆ ಅವಳೂ ಒಂದಷ್ಟು ಕಾಲ ಹಾಡು ಕಲಿತವಳು. ಬೆಂಗಳೂರಿನ ಮಾತು ಮರೆತೇಹೋಗಿ ಅವಳ ಬಾಯಿಂದ ಊರಿನ ಮಾತು ಬಂತು.

“ನಿನ್ನ ಕೈ ತೊಡಿ ಹುಡುಕಾಕತ್ತೈತಿ ನೋಡವಾ.”

ನಾನು ಮತ್ತೆ ನೋಡಿದೆ. ಕೈ ಇಳಿಯುತ್ತದೆ, ತಳದಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಸದ್ದು ಕೇಳಿದ ಮೇಲೆ ಏಳುತ್ತದೆ. ಪ್ರತಿ ಪೆಟ್ಟಿಗೂ ಅದೇ. ನಾನು ಅಲ್ಲಿ ನಿಂತು ತಾಳ ಹಾಕುತ್ತಿದ್ದೆ. ತಾಳ ಹಾಕುವಾಗ ಅಂಗೈ ತೊಡೆಗೆ ಬೀಳುವುದೂ ಸ್ವರ ಬರುವುದೂ ಒಂದೇ ಗಳಿಗೆಯಲ್ಲಿ. ಬಿದ್ದ ಕೈಗೂ ಕೇಳಿದ ಸ್ವರಕ್ಕೂ ನಡುವೆ ಗಾಳಿಯೂ ಆಡುವುದಿಲ್ಲ. ಐದನೇ ವಯಸ್ಸಿನಿಂದ ನನ್ನ ಮೈಗೆ ಗೊತ್ತಿದ್ದ ಸುಖ ಅದು. ವಾದ್ಯವೃಂದ ಹಾಗಲ್ಲ. ಕೋಲು ತಳ ಮುಟ್ಟಿದ ಮೇಲೆ ಬಿಲ್ಲುಗಳು ತಂತಿ ಹಿಡಿಯಬೇಕು, ಸದ್ದು ಏಳಬೇಕು, ಅದಕ್ಕೆ ಒಂದು ಚಿಟಿಕೆ ಹೊತ್ತು ಬೇಕು. ಇದನ್ನು ತರಗತಿಯಲ್ಲಿ ಕಲಿತು ಪರೀಕ್ಷೆಯಲ್ಲಿ ಬರೆದಿದ್ದೆ. ವಿದ್ಯಾರ್ಥಿಗಳ ಸಣ್ಣ ತಂಡಗಳಲ್ಲಿ ಆ ಅಂತರ ಅಷ್ಟಿರಲಿಲ್ಲ, ನಡೆದುಹೋಗಿತ್ತು. ಇಲ್ಲಿ ನಾನು ಸದ್ದಿಗಾಗಿ ತಳದಲ್ಲಿ ಕಾದೆ, ನನ್ನನ್ನು ನೋಡಿ ಅವರು ಕಾದರು, ಅವರನ್ನು ಕೇಳಿ ನಾನು ಇನ್ನಷ್ಟು ಕಾದೆ. ಬಂಡಿ ನಿಲ್ಲದೆ ಇನ್ನೇನಾದೀತು.

ಕಾರಣ ತಿಳಿದರೆ ಕೈ ಬದಲಾಗುವುದಿಲ್ಲ. ಎರಡು ದಿನ ಕನ್ನಡಿಯ ಮುಂದೆ ನಿಂತು ನೋಡಿದೆ. ಮನಸ್ಸಿಟ್ಟರೆ ಕೈ ಮುಂದೆ ಹೋಗುತ್ತಿತ್ತು, ಸಂಗೀತದಲ್ಲಿ ಮನಸ್ಸು ಸೇರಿದ ಕೂಡಲೇ ಹಿಂದೆ ಬೀಳುತ್ತಿತ್ತು. ಸಂಗೀತದಲ್ಲಿ ಮನಸ್ಸಿಡದೆ ಒಪೆರಾ ನಡೆಸುವುದು ಹೇಗೆ. ಕೊನೆಗೆ ಶನಿವಾರ ಬೆಳಿಗ್ಗೆ ಮುಖ್ಯ ಕಂಡಕ್ಟರ್ ಕೋಣೆಯ ಬಾಗಿಲು ತಟ್ಟಿದೆ. ನನ್ನ ಕೈ ಸದ್ದಿಗೆ ಕಾಯುತ್ತಿದೆ, ಇವತ್ತಿನ ಪ್ರದರ್ಶನದಲ್ಲಿ ನಾನು ಸಭಾಂಗಣದಲ್ಲಿ ಕೂರುವುದಿಲ್ಲ, ವೃಂದದ ಗುಂಡಿಯಲ್ಲಿ ವಾದ್ಯದವರ ನಡುವೆ ಕೂರಲು ಬಿಡಿ ಎಂದೆ. ಗುಂಡಿ ಎಂದರೆ ವೇದಿಕೆಯ ಮುಂದಿನ ತಗ್ಗು, ವಾದ್ಯದವರ ಜಾಗ. ನನ್ನ ತಪ್ಪನ್ನು ನಾನೇ ಎಲ್ಲರೆದುರು ಡಂಗುರ ಸಾರಿದಂತೆ ಅದು. ಗುರುವಾರ ನನ್ನ ಕೈಯನ್ನು ನಂಬಬೇಕಾದವರು ಶನಿವಾರ ನನ್ನ ಅಳುಕನ್ನು ನೋಡಬೇಕಿತ್ತು. ಮುಖ್ಯ ಕಂಡಕ್ಟರ್ ಕನ್ನಡಕ ತೆಗೆದು ಒರೆಸಿದರು. ನನ್ನನ್ನು ಯಾರೂ ಇದನ್ನು ಕೇಳಿಲ್ಲ ಎಂದರು. ಆಮೇಲೆ, ಕುರ್ಚಿ ನೀನೇ ತಂದುಕೋ ಎಂದರು.

ವಿಯೋಲಾ ಎಂಬ ತುಸು ದೊಡ್ಡ ಪಿಟೀಲುಗಳ ಕೊನೆಯ ಸಾಲಿನ ಹಿಂದೆ, ಭೇರಿಗಳಿಗೆ ಮೊಣಕೈ ತಾಗುವಂತೆ ಕೂತೆ. ಗುಂಡಿಯಲ್ಲಿ ಕೂತರೆ ಒಪೆರಾ ಕಾಣುವುದಿಲ್ಲ. ತಲೆಯ ಮೇಲೆ ಮರದ ಹಲಗೆ, ಅದರ ಮೇಲೆ ಯಾರದೋ ಹೆಜ್ಜೆ, ಎದುರಿಗೆ ಒಂದು ದೀಪದಡಿ ಒಂದು ಜೊತೆ ಕೈ. ಕಂಡಕ್ಟರ್ ಕೋಲು ತಳ ಮುಟ್ಟಿತು, ಯಾವ ಸದ್ದೂ ಇಲ್ಲ. ಕೋಲು ಅಲ್ಲಿಂದ ಎದ್ದು ಹೊರಟ ಮೇಲೆ ನನ್ನ ಸುತ್ತ ಇಡೀ ನೆಲವೇ ಮೊಳಗಿತು. ಕಂಡಕ್ಟರ್ ತಾವೇ ಕರೆದ ಆ ಸದ್ದಿನ ಕಡೆ ತಿರುಗಿಯೂ ನೋಡದೆ ಮುಂದಿನ ಪೆಟ್ಟಿಗೆ ಹೋಗಿಬಿಟ್ಟಿದ್ದರು. ಮತ್ತೆ ಹಾಗೆಯೇ, ಮತ್ತೆ ಹಾಗೆಯೇ. ಕರೆದ ಸದ್ದು ಬಂದು ಬಾಗಿಲಲ್ಲಿ ನಿಲ್ಲುವಾಗ ಕರೆದವರು ಮನೆಯಲ್ಲಿರಲಿಲ್ಲ. ನನಗೆ ತಡೆಯಲಾರದಷ್ಟು ದುಃಖವಾಯಿತು, ಅದನ್ನು ಇಲ್ಲಿ ಮುಚ್ಚಿಡುವುದೇಕೆ. ನಾದ ಬೇಕೆಂದು ಈ ಕೆಲಸಕ್ಕೆ ಬಂದವಳು ನಾನು. ಈ ಕೆಲಸ ಮಾಡುವವರಿಗೆ ನಾದದ ಜೊತೆಯಲ್ಲಿ ಇರಲು ಆಗುವುದೇ ಇಲ್ಲ ಎಂದು ಆ ಕುರ್ಚಿಯಲ್ಲಿ ತಿಳಿಯಿತು.

ಸೋಮವಾರ ಮುಖ್ಯಸ್ಥೆ ಕೇಳುವ ಮುಂಚೆ ಮೊದಲ ಪಿಟೀಲಿನಾಕೆಯೇ ಅವಳ ಹತ್ತಿರ ಹೋಗಿ, ವೃಂದ ಗುರುವಾರ ನನ್ನ ಕೈಕೆಳಗೆ ನುಡಿಸಲು ಸಿದ್ಧವಿದೆ ಎಂದಳಂತೆ. ಯಾಕೆ ಎಂದು ನಾನು ಕೇಳಿದ್ದಕ್ಕೆ, ನೀನು ನಮ್ಮ ನಡುವೆ ಬಂದು ಕೂತೆಯಲ್ಲ ಎಂದು ಕಾಫಿಗೆ ಹಾಲು ಹಾಕಿಕೊಂಡಳು. ಆಮೇಲೆ ಮತ್ತೆ ಹಿಮದ ಸುದ್ದಿ. ಹಾಡುಗಾತಿ ಪಿಯಾನೋ ಕೋಣೆಯಲ್ಲಿ ಕೊನೆಯ ದೃಶ್ಯವನ್ನು ನನ್ನ ಜೊತೆ ಮತ್ತೆ ಮತ್ತೆ ಮಾಡಿದಳು. ನಾನು ಇನ್ನೂ ‘ಕೊಮ್’ಗೆ ಕಾಯುತ್ತಿದ್ದೆ. ಆಕೆ ನಿಲ್ಲಿಸಿ ನನ್ನ ಮುಂದೆ ಬಂದು ನಿಂತಳು.

“ಕೇಳಿಸಿದ ಮೇಲೆ ಕೈ ಇಳಿಸಿದರೆ ನಾನು ಒಬ್ಬಳೇ ಆಗಿಬಿಡುತ್ತೇನೆ” ಎಂದಳು. “ನಾನು ಬಂದೇ ಬರುತ್ತೇನೆ ಎಂದು ನಂಬಿ ಇಳಿಸು.”

ಗಂಡ, ಮಗಳು ಇಬ್ಬರೂ ಆ ಗುರುವಾರಕ್ಕೆ ಬರುವವರಿದ್ದರು. ಮಗಳು ನನ್ನ ಕೆಲಸವನ್ನು ಕಣ್ಣಾರೆ ಕಂಡಿರಲಿಲ್ಲ. ಅಮ್ಮ ಯಾವ ವಾದ್ಯ ನುಡಿಸುತ್ತಾಳೆ ಎಂದು ಡಾಗಿಸ್‌ನಲ್ಲಿ ಕೇಳಿದರೆ ಕಡ್ಡಿ ಎಂದಿದ್ದಳಂತೆ. ಸೋಮವಾರ ಮಧ್ಯಾಹ್ನ ಗಂಡನ ಫೋನ್ ಬಂತು. ಅವಳಿಗೆ ಜ್ವರ. ಅವನು ಕೆಲಸಕ್ಕೆ ಹೋಗದೆ ವಾಬ್ ಹಾಕಿ, ಅಂದರೆ ಮಗುವಿಗೆ ಹುಷಾರಿಲ್ಲದಾಗಿನ ಸರ್ಕಾರಿ ರಜೆ ಹಾಕಿ, ಮನೆಯಲ್ಲಿದ್ದ. ಡಾಗಿಸ್‌ನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಬಂದಿದೆ, ಗಾಬರಿಯಾಗುವಂಥದ್ದೇನಿಲ್ಲ, ಆದರೆ ಅಷ್ಟು ದೂರದ ರೈಲು ಆಗದು ಎಂದ. ನಾನೇ ಬರುತ್ತೇನೆ ಎಂದೆ.

“ನೀನ್ ಬಂದ್ರೆ ಜ್ವರ ಇಳಿಯಲ್ಲ ಕಣೆ, ಪ್ಯಾರಾಸಿಟಮಾಲ್ ಕೊಟ್ರೆ ಇಳಿಯುತ್ತೆ” ಎಂದ. “ಶೋ ಮುಗಿಸ್ಕೊಂಡು ಬಾ. ನಾನಿದ್ದೀನಲ್ಲ.”

ಅವನ ಹಿಂದೆ ಮಗಳ ದನಿ ಕೇಳಿಸಿತು. ಎರಡು ವರ್ಷದಿಂದ ನನಗೆ ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತಿದ್ದವಳು ಜ್ವರದಲ್ಲಿ ಕನ್ನಡದಲ್ಲಿ ಅಮ್ಮ ಎಲ್ಲಿ ಎಂದು ಕೇಳುತ್ತಿದ್ದಳು. ನಾನು ಫೋನ್ ಇಟ್ಟು ನದಿಯ ಸೇತುವೆಯವರೆಗೆ ನಡೆದೆ. ರೈಲು ನಿಲ್ದಾಣದ ದಾರಿಯೂ ಎದುರಿಗೇ ಇತ್ತು. ಹೋಗಬಹುದಿತ್ತು, ಯಾರೂ ತಪ್ಪು ಎನ್ನುತ್ತಿರಲಿಲ್ಲ, ಸ್ಟಾಕ್‌ಹೋಮ್‌ನವರು ಬಂದು ಗುರುವಾರವನ್ನು ಚೆನ್ನಾಗಿಯೇ ನಡೆಸುತ್ತಿದ್ದರು. ಹೋಗಲಿಲ್ಲ. ಅವಳಿಗಿಂತ ಇದು ಹೆಚ್ಚು ಎಂದಲ್ಲ. ಇದು ನನ್ನ ಕೈ ತಪ್ಪಿದರೆ ಮುಂದೆ ಎಂದಾದರೂ ಒಂದು ದಿನ ಆ ಕಹಿಯನ್ನು ಅವಳ ಮೇಲೆ ಕಾರಿಕೊಂಡೇನು ಎಂದು ಹೆದರಿದೆ. ಆ ಲೆಕ್ಕ ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ವಾಪಸು ಬಂದು ಸ್ವರಲಿಪಿ ತೆರೆದೆ.

ಗುರುವಾರ ಸಂಜೆ ಗುಂಡಿಗೆ ಇಳಿಯುವಾಗ ವೃಂದದವರು ಇಲ್ಲಿನ ಪದ್ಧತಿಯಂತೆ ಕಾಲಿನಿಂದ ನೆಲ ಸವರಿ ಸ್ವಾಗತಿಸಿದರು. ಸಭಾಂಗಣದ ದೀಪ ಆರಿತು. ಕೈ ಎತ್ತಿದೆ. ಮೊದಲ ಪೆಟ್ಟು ಇಳಿಸಿ, ನಿಲ್ಲದೆ, ಏನೂ ಇಲ್ಲದ ಜಾಗದಿಂದ ಕೈಯನ್ನು ಎಬ್ಬಿಸಿದೆ. ಕೈಯ ಹಿಂದೆ ಸದ್ದು ಬಂತು. ತಿರುಗಿ ಅದರೊಳಗೆ ಒಂದು ಕ್ಷಣ ನಿಲ್ಲಬೇಕೆಂದು ಮೈಯೆಲ್ಲ ಕೇಳಿತು, ನಿಲ್ಲಲಿಲ್ಲ. ಎರಡನೇ ದೃಶ್ಯದಲ್ಲಿ ಒಮ್ಮೆ ಜಾರಿದೆ, ವಿಯೋಲಾಗಳು ಭಾರವಾದವು. ಮೊದಲ ಪಿಟೀಲಿನಾಕೆ ಬಿಲ್ಲಿನ ತುದಿಯನ್ನು ಕೊಂಚ ಮೇಲೆತ್ತಿದಳು, ನನಗಷ್ಟೇ ಸಾಕಾಯಿತು. ಕೊನೆಯ ದೃಶ್ಯಕ್ಕೆ ಬಂದೆವು. ಮೇಲೆ ದೀಪ ಹತ್ತಿತು. ಹಾಡುಗಾತಿ ಒಬ್ಬಳೇ ಹಾಡುತ್ತಾ ಕಡೆಯ ಸಾಲಿಗೆ ಬಂದು, ಉಸಿರು ತೆಗೆದುಕೊಂಡಳು. ನಾನೂ ತೆಗೆದುಕೊಂಡೆ. ಅವಳ ಬಾಯಿ ಇನ್ನೂ ತೆರೆದಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ, ಕೈ ಇಳಿಸಿದೆ. ‘ಕೊಮ್’ ಬಂತು. ಅದರ ಕೆಳಗೆ ಪಿಟೀಲುಗಳೂ ಬಂದವು, ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆದಷ್ಟು ಮೆಲ್ಲಗೆ. ನನ್ನ ಕೈ ಆಗಲೇ ಮುಂದಿನ ಸ್ವರದ ಕಡೆಗೆ ಹೊರಟಿತ್ತು.

ಪರದೆ ಬಿದ್ದ ಮೇಲೆ ಮುಖ್ಯಸ್ಥೆ ಮೆಟ್ಟಿಲ ಬಳಿ ನಿಂತಿದ್ದಳು. ಶರತ್ಕಾಲದಿಂದ ಕಾಯಂ ಕೆಲಸ, ಮೊದಲ ಒಪೆರಾ ಪೂರ್ತಿ ನಿನ್ನದೇ ಎಂದಳು. ಯೋಚಿಸಿ ಹೇಳು ಎಂದೂ ಅಂದಳು. ಯೋಚಿಸದೆ ಹೂಂ ಎಂದೆ. ಗಂಡನಿಗೆ ಫೋನ್ ಮಾಡಿ ಹೇಳಿದೆ. ಅವನು ಖುಷಿಪಟ್ಟ, ನಿಜವಾಗಿಯೂ ಪಟ್ಟ. ಆಮೇಲೆ, ಹಾಗಾದ್ರೆ ಇನ್ನೊಂದ್ ವರ್ಷ ಹೀಗೇನೇ ಅಲ್ವಾ ಎಂದ. ಹೌದು ಎಂದೆ. ಮಗಳ ಜ್ವರ ಬಿಟ್ಟು ಒಂದು ದಿನವಾಗಿತ್ತು, ನಾಳೆ ಡಾಗಿಸ್‌ಗೆ ಹೋಗುತ್ತಾಳೆ ಎಂದು ತಿಳಿಸಿದ.

ಬೆಳಗಿನ ಮೊದಲ ರೈಲು ಹಿಡಿದೆ. ಕಿಟಕಿಯಾಚೆ ಭೂರ್ಜ ಮರಗಳು, ಹಿಮ, ಮತ್ತೆ ಭೂರ್ಜ ಮರಗಳು. ದಾರಿಯುದ್ದಕ್ಕೂ ಅವಳಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿದೆ. ಶರತ್ಕಾಲ ಎಂದರೇನು, ಒಂದು ವರ್ಷ ಎಂದರೆ ಎಷ್ಟು, ಅಮ್ಮನಿಗೆ ಆ ಕೆಲಸ ಎಂದರೆ ಎಷ್ಟು ಇಷ್ಟ. ಕೆಲವು ವಾಕ್ಯ ಚೆನ್ನಾಗಿಯೇ ಬಂದವು. ಟ್ರೋಲ್‌ಹೆಟ್ಟನ್‌ನಲ್ಲಿ ಇಳಿದು ಮನೆಗೆ ಹೋಗದೆ, ಚೀಲ ಹೊತ್ತುಕೊಂಡೇ ಡಾಗಿಸ್‌ಗೆ ಹೋದೆ.

ಮುಚ್ಚುವ ಹೊತ್ತಾಗಿತ್ತು, ಮಕ್ಕಳೆಲ್ಲ ಇನ್ನೂ ಹೊರಗಿದ್ದರು. ನನ್ನ ಮಗಳು ದಪ್ಪ ಉಡುಪಿನಲ್ಲಿ ಹಿಮದ ರಾಶಿಯ ಮೇಲೆ ಕೂತು ಬಕೆಟ್ ತುಂಬುತ್ತಿದ್ದಳು. ನನ್ನನ್ನು ಕಂಡಳು, ಸಲಿಕೆ ಬಿಟ್ಟು ಓಡಿಬಂದಳು, ಕಾಲು ತಬ್ಬಿಕೊಂಡಳು. ನಾನು ಮಂಡಿಯೂರಿ ಅವಳ ಟೊಪ್ಪಿಯೊಳಗೆ ಮೂಗಿಟ್ಟು ಕೂತೆ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಮುಖ ಎತ್ತಿ ಕೇಳಿದಳು.

“ನೇರ್ ಓಕೆರ್ ದೂ?”

ಯಾವಾಗ ಹೋಗುತ್ತೀಯ ಎಂದು. ಬಂದ ತಾಯಿಗೆ ಮಗು ಕೇಳುವ ಮೊದಲ ಮಾತು ಅದಾಗಿತ್ತು. ಅವಳ ದನಿಯಲ್ಲಿ ದೂರು ಇರಲಿಲ್ಲ, ಅಳು ಇರಲಿಲ್ಲ; ಊಟ ಎಷ್ಟು ಹೊತ್ತಿಗೆ ಎಂದು ಕೇಳಿದಂತೆ ಕೇಳಿದ್ದಳು. ರೈಲಿನಲ್ಲಿ ಜೋಡಿಸಿದ ವಾಕ್ಯಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

“ಭಾನುವಾರ” ಎಂದೆ.

ಅವಳು ಕೈಗವಸಿನ ಹಿಂಭಾಗದಿಂದ ಮೂಗು ಒರೆಸಿಕೊಂಡು ಸ್ವಲ್ಪ ಯೋಚಿಸಿದಳು. ಆಮೇಲೆ ನನ್ನ ಕೆನ್ನೆಯನ್ನು ಆ ಒದ್ದೆ ಕೈಯಿಂದ ತಟ್ಟಿ, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಕನ್ನಡದಲ್ಲಿ ಹೇಳಿದಳು.

“ಹಾಗಾದ್ರೆ ನಮ್ಗೆ ಶನಿವಾರ ಇದೆ.”